ಹಾರ್ನ್ ಹೊಡೆದರೆ ಆರುವ ಕಾರು

ಕನ್ನಡಕದವರು ಆ ಹಳದಿ ಕಾರನ್ನು ಮನೆಗೆ ತಂದ ದಿನ ಅದು ಚೆನ್ನಾಗಿಯೇ ಓಡುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಮುಂದೆ ನಡೆದದ್ದನ್ನೆಲ್ಲ ಕೇಳಿದವರು ಸಾಮಾನ್ಯವಾಗಿ ಕಾರಿನ ಮೇಲೆಯೇ ತಪ್ಪು ಹೊರಿಸುತ್ತಾರೆ. ಕಾರು ಪಾಪ, ಎದುರು ಮಾತಾಡುವುದಿಲ್ಲ.

ಕನ್ನಡಕದವರು ಎಂದರೆ ಪೇಟೆಬೀದಿಯ ಕನ್ನಡಕದ ಅಂಗಡಿಯ ಯಜಮಾನರು. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಎದುರು ಗೋಡೆಯ ಅಕ್ಷರ ಓದಿಸುತ್ತ, ಈ ಗಾಜು ವಾಸಿಯಾ ಆ ಗಾಜು ವಾಸಿಯಾ ಎಂದು ಕೇಳುತ್ತಲೇ ಅವರ ಅರ್ಧ ಆಯುಷ್ಯ ಕಳೆದಿತ್ತು. ಊರಿನ ಮುಕ್ಕಾಲು ಜನಕ್ಕೆ ಲೋಕ ಸ್ಪಷ್ಟವಾಗಿ ಕಾಣುತ್ತಿದ್ದದ್ದು ಅವರ ದಯೆಯಿಂದ. ಅವರಿಗೆ ತಮ್ಮ ಮೂಗಿನ ಕೆಳಗಿದ್ದದ್ದು ಕಾಣುತ್ತಿತ್ತೇ ಎಂದು ಯಾರೂ ಪರೀಕ್ಷೆ ಮಾಡಿರಲಿಲ್ಲ.

ಕಾರಿಗೆ ಎರಡೇ ಸೀಟು, ಮೇಲೆ ಸೂರಿಲ್ಲ, ಮೈಯೆಲ್ಲ ಫೈಬರ್ರು, ಎಂಜಿನ್ ಸೀಟಿನ ಬೆನ್ನಿಗೇ ಅಂಟಿಕೊಂಡು ಕೂತಿದೆ. ಎಷ್ಟು ಕುಳ್ಳು ಎಂದರೆ ಕಾಂಪೌಂಡಿನ ಒಳಗಿಂದ ನೋಡುವವರಿಗೆ ಕಾರು ಕಾಣುವುದೇ ಇಲ್ಲ, ಕನ್ನಡಕದವರ ತಲೆ ಮಾತ್ರ ಗೋಡೆಯ ಮೇಲೆ ತೇಲಿಕೊಂಡು ಹೋಗುತ್ತದೆ. ಪಕ್ಕದ ಮನೆಯ ನಿವೃತ್ತ ಸ್ಟೇಷನ್ ಮಾಸ್ಟರು ಮೊದಲ ದಿನ ಆ ತಲೆಯನ್ನು ನೋಡಿ ಕಾಫಿ ಲೋಟ ಕೆಳಗಿಟ್ಟರು. ನೆರೆಯವನಿಗೆ ಏನೋ ಆಗಿದೆ ಎಂದು ಅವರಿಗೆ ಅನ್ನಿಸಿತು. ಅದು ಸುಳ್ಳೂ ಅಲ್ಲ.

ಆದದ್ದು ಇಷ್ಟು. ಆ ಕಾರು ಹಿಂದೆ ಅಂಗಡಿಯ ಹಳೆಯ ಯಜಮಾನರದ್ದು. ಕನ್ನಡಕದವರು ಅಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ, ಮದುವೆಯಾದ ಹೊಸತರಲ್ಲಿ, ಯಜಮಾನರು ಒಂದು ದಿನ ಕೀಲಿ ಕೊಟ್ಟು ಕಾರು ತೊಳೆಸಿಕೊಂಡು ಬಾ ಎಂದಿದ್ದರು. ತೊಳೆಸುವ ಜಾಗ ಎರಡು ಬೀದಿ ಆಚೆ. ಕನ್ನಡಕದವರು ಹೆಂಡತಿಯನ್ನು ಕೂರಿಸಿಕೊಂಡು ಗುಡ್ಡದ ದಾರಿ ಹತ್ತಿದರು. ನೆತ್ತಿಯ ತಿರುವಿನಲ್ಲಿ, ಕೆಳಗಿನ ಕೆರೆ ಇಡಿಯಾಗಿ ಕಣ್ಣಿಗೆ ಬೀಳುವ ಕಡೆ, ಆಕೆ ತಲೆ ಹಿಂದಕ್ಕೆ ಚೆಲ್ಲಿ ಬಾಯಿ ತುಂಬ ನಕ್ಕಳು. ಕನ್ನಡಕದವರು ಅದನ್ನು ಕಂಡರು. ಕೇಳಲಿಲ್ಲ. ಒಂದು ಕಡೆ ಗಾಳಿ, ಒಂದು ಕಡೆ ಬೆನ್ನ ಹಿಂದೆ ಅರಚುವ ಎಂಜಿನ್, ನಡುವೆ ಆ ನಗು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಯಿತು. ಮನೆಗೆ ಬಂದ ಮೇಲೆ ಯಾಕೆ ನಕ್ಕೆ ಎಂದು ಕೇಳಿದರೆ ಆಕೆ, 'ಯಾವಾಗ?' ಎಂದಳು.

ಆಮೇಲೆ ಆಕೆ ನಗಲೇ ಇಲ್ಲ ಎಂದಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು, ಮೂಗಿನಲ್ಲಿ ನಕ್ಕಳು, ಗಂಡನನ್ನು ನೋಡಿ ನಕ್ಕದ್ದಕ್ಕಂತೂ ಲೆಕ್ಕವಿಲ್ಲ. ಆ ನಗು ಮಾತ್ರ ಮತ್ತೆ ಬರಲಿಲ್ಲ. ಮಕ್ಕಳು ಬೆಳೆದು ತಮ್ಮ ತಮ್ಮ ದಾರಿ ಹಿಡಿದರು, ಅಂಗಡಿ ತಮ್ಮದಾಯಿತು, ತಲೆಯ ಕೂದಲು ಸಂದರ್ಭ ನೋಡಿ ಕಳಚಿಕೊಂಡಿತು. ಕನ್ನಡಕದವರು ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ಗಾಜು ಒರೆಸುತ್ತ ನಿಂತು, ಆ ನಗುವಿನ ದನಿ ಹೇಗಿದ್ದಿರಬಹುದು ಎಂದು ಯೋಚಿಸುತ್ತಿದ್ದರು. ಒಂದೇ ಮನೆಯಲ್ಲಿ ಇರುವವಳಿಗಾಗಿ ಮನುಷ್ಯ ಇಷ್ಟು ಹಂಬಲಿಸುತ್ತಾನೆಯೇ ಎಂದು ಯಾರಾದರೂ ಕೇಳಬಹುದು. ಹಂಬಲಿಸುತ್ತಾನೆ. ಅವಳೂ ಗೊತ್ತು, ಅವಳ ಕೆಮ್ಮೂ ಗೊತ್ತು, ಅವಳು ಬಾಗಿಲು ಹಾಕುವ ಸದ್ದಿನಿಂದ ಅವಳ ಕೋಪವೆಷ್ಟು ಎಂಬುದೂ ಗೊತ್ತು. ಆ ನಗುವಿನ ದನಿಯೊಂದು ಗೊತ್ತಿಲ್ಲ. ಅದು ಅವರನ್ನು ಒಳಗೊಳಗೇ ಕೊರೆಯುತ್ತಿತ್ತು.

ಹಳೆಯ ಯಜಮಾನರು ತೀರಿಹೋದ ಮೇಲೆ ಕಾರು ಟಾರ್ಪಾಲಿನ ಕೆಳಗೆ ಮಲಗಿತ್ತು. ಕನ್ನಡಕದವರು ಹೋಗಿ ಕೇಳಿ ತಂದರು. ಎಷ್ಟು ಕೊಟ್ಟರು ಎಂಬುದು ಇಲ್ಲಿ ಬೇಡ, ಮನೆಯಲ್ಲೂ ಅವರು ಅದನ್ನು ಹೇಳಿಲ್ಲ.

ತಂದವರು ಅಂದೇ ಹೆಂಡತಿಯನ್ನು ಕೂರಿಸಿಕೊಂಡು ಗುಡ್ಡ ಹತ್ತಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮನುಷ್ಯನಿಗೆ ಬಯಸಿದ್ದು ಕೈಗೆ ಬಂದಾಗ ಅದನ್ನು ಇನ್ನೊಂದಿಷ್ಟು ಚಂದ ಮಾಡಿಬಿಡುವ ಆಸೆ ಹುಟ್ಟುತ್ತದೆ. ಇಂಥ ಕಾರುಗಳ ಭಕ್ತರು ಹೊರಡಿಸುವ ಪತ್ರಿಕೆಯೊಂದು ಅವರ ಕೈಗೆ ಸಿಕ್ಕಿತು. ಅದರ ಪುಟಪುಟದಲ್ಲೂ ಒಂದೇ ಮಾತು: ಭಾರವೇ ಶತ್ರು. ಬೇಡದ್ದನ್ನೆಲ್ಲ ಕಿತ್ತು ಹಾಕಿ, ಕಾರು ಹಕ್ಕಿಯಾಗುತ್ತದೆ. ಇದು ಕನ್ನಡಕದವರ ತಲೆಗೆ ಹತ್ತಿತು. ಅಂಗಡಿಯಲ್ಲಿ ದಪ್ಪ ಫ್ರೇಮು ಕೇಳಿದವರಿಗೆ ಭಾರದ ಕೆಡುಕುಗಳ ಬಗ್ಗೆ ಪಾಠ ಶುರುವಾಯಿತು. ಕೆಲವರು ಕನ್ನಡಕ ಬೇಡವೆಂದು ಎದ್ದುಹೋದರು.

ಒಂದು ವಾರ ಕನ್ನಡಕದವರು ಸ್ಪ್ಯಾನರ್ ಹಿಡಿದು ಕಾರಿನ ಕೆಳಗೂ ಹಿಂದೂ ಕಳೆದರು. ಕಾಲಡಿಯ ಮ್ಯಾಟ್ ಹೋಯಿತು, ಅದು ಹಿತ್ತಲ ಬಾಗಿಲ ಮುಂದೆ ಬಿತ್ತು. ಸ್ಟೆಪ್ನಿ ಚಕ್ರ ಹೋಯಿತು, ಸ್ಟೇಷನ್ ಮಾಸ್ಟರ ನಾಯಿ ಅದರ ನಡುವೆ ಸುತ್ತಿಕೊಂಡು ಮಲಗತೊಡಗಿತು. ಜಾಕನ್ನು ಹೆಂಡತಿಯ ತಮ್ಮ ಒಯ್ದು ತನ್ನ ಬೀರುವಿನ ಮುರಿದ ಕಾಲಿಗೆ ಕೊಟ್ಟ. ರೇಡಿಯೋ ಹೋಯಿತು, ಬೂದಿಬಟ್ಟಲು ಹೋಯಿತು, ಸೀಟಿನ ಹಿಂದೆ ಏನನ್ನೋ ಹಿಡಿದುಕೊಂಡಿದ್ದ ತಗಡಿನ ಚೌಕಟ್ಟೂ ಹೋಯಿತು, ಅದು ಹಿಡಿದುಕೊಂಡಿದ್ದ ಪೆಟ್ಟಿಗೆಯನ್ನು ದಾರದಲ್ಲಿ ಕಟ್ಟಿದರು. ಕೊನೆಗೆ ಎಂಜಿನ್ನಿನಿಂದ ಹೊರಟು ಕಾರಿನ ಅಡಿಯ ಕಬ್ಬಿಣದ ಹಂದರವಾದ ಚಾಸಿಗೆ ಸೇರುವ, ತಾಮ್ರದ ಎಳೆಗಳನ್ನು ಜಡೆಯಂತೆ ಹೆಣೆದ ಒಂದು ಚಪ್ಪಟೆ ಪಟ್ಟಿ ಕಂಡಿತು. ಅಂಥದ್ದೇ ಇನ್ನೊಂದು ಆಚೆ ಬದಿಯಲ್ಲಿತ್ತು. ಒಂದು ಇರುವಾಗ ಇನ್ನೊಂದು ಯಾಕೆ? ಅದನ್ನೂ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು.

ಕಬ್ಬಿಣದ ಮೈಯ ಕಾರಿನಲ್ಲಿ ಕರೆಂಟು ಕೆಲಸ ಮುಗಿಸಿ ಯಾವ ದಾರಿಯಲ್ಲಿ ಬೇಕಾದರೂ ಬ್ಯಾಟರಿಗೆ ವಾಪಸು ಬರುತ್ತದೆ. ಫೈಬರ್ ಮೈಯಲ್ಲಿ ಅದಕ್ಕೆ ದಾರಿಯಿಲ್ಲ. ಆ ಪಟ್ಟಿಯೇ ಅದು ಮನೆಗೆ ಮರಳುವ ರಸ್ತೆ. ಆಚೆ ಬದಿಯದ್ದು ತುಕ್ಕು ಹಿಡಿದು ಹೆಸರಿಗೆ ಮಾತ್ರ ಉಳಿದಿತ್ತು. ಇದನ್ನು ಓದುವವರು ನೆನಪಿಟ್ಟುಕೊಂಡರೆ ಒಳ್ಳೆಯದು, ಮರೆಯುವ ಕೆಲಸಕ್ಕೆ ಕನ್ನಡಕದವರೊಬ್ಬರೇ ಸಾಕು. ಮಾರನೆಯ ದಿನ ಹೆಂಡತಿ ಆ ಪಟ್ಟಿಯನ್ನು ನೋಡಿದಳು. ಗೇಟಿನ ಚಿಲಕ ಮುರಿದು ಎಷ್ಟೋ ತಿಂಗಳಾಗಿತ್ತು, ಸರಿ ಮಾಡಿಸಿ ಎಂದು ಹೇಳಿ ಹೇಳಿ ಆಕೆಯ ಬಾಯಿ ಬತ್ತಿತ್ತು. ಪಟ್ಟಿಯನ್ನು ಗೇಟಿಗೂ ಕಂಬಕ್ಕೂ ಸುತ್ತಿ ಗಂಟು ಹಾಕಿದಳು. ಗಟ್ಟಿಯಾಗಿ ನಿಂತಿತು.

ಆ ಭಾನುವಾರ ಕನ್ನಡಕದವರು ಕಾರು ಒರೆಸಿ, ಎಡಗಡೆಯ ಬಾಗಿಲು ತೆರೆದು ನಿಂತರು. ಹೆಂಡತಿ ಹೊಸ ಸೀರೆ ಉಟ್ಟು, ತಲೆಗೆ ಬಟ್ಟೆ ಕಟ್ಟಿ, ಕೈಯಲ್ಲಿ ಚೀಲ ಹಿಡಿದು ಮೆಟ್ಟಿಲಿಳಿದಳು. ಚೀಲದಲ್ಲಿ ಫ್ಲಾಸ್ಕು, ಕಿತ್ತಳೆ, ಒಂದು ಕೊಡೆ. ಆಗ ಕನ್ನಡಕದವರು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಚೀಲ ಬೇಕೇ ಎಂದರು. ಒಂದೊಂದು ಕಿಲೋ ಭಾರಕ್ಕೂ ಎಂಜಿನ್ನು ಏರಿನಲ್ಲಿ ಎಷ್ಟು ಬಳಲುತ್ತದೆ ಎಂದು ವಿವರಿಸಿದರು. ಪತ್ರಿಕೆಯಲ್ಲಿ ಓದಿದ್ದನ್ನೆಲ್ಲ ಹೇಳಿದರು. ಆಕೆ ಪೂರ್ತಿ ಕೇಳಿಸಿಕೊಂಡಳು. ಚೀಲವನ್ನು ಮೆಟ್ಟಿಲ ಮೇಲೆ ಇಟ್ಟಳು. ಆಮೇಲೆ ತಾನೂ ಅದರ ಪಕ್ಕದಲ್ಲಿ ಕೂತಳು.

'ದೊಡ್ಡ ಭಾರ ಇಲ್ಲೇ ಇರ್ಲಿ ಬಿಡಿ. ನೀವು ಹಕ್ಕಿ ಹಾಗೆ ಹೋಗ್ಬನ್ನಿ' ಎಂದಳು.

ಕನ್ನಡಕದವರು ಹಾಗಲ್ಲ ಹೀಗೆ ಎಂದು ಎಷ್ಟು ಹೇಳಿದರೂ ಅದು ಹಾಗೆಯೇ ಆಯಿತು. ಆ ಸೀಟಿನಲ್ಲಿ ನಾನು ಕೂರುವುದಿಲ್ಲ ಎಂದು ಆಕೆ ಜಗಳ ಮಾಡಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ಮನೆಯ ಬಾಗಿಲನ್ನು ಮಾತ್ರ ಮೆಲ್ಲಗೆ ಹಾಕಿಕೊಂಡಳು. ಮೆಲ್ಲಗೆ ಹಾಕಿದ ಬಾಗಿಲು ಎಲ್ಲಕ್ಕಿಂತ ಕೆಟ್ಟದ್ದು ಎಂದು ಕನ್ನಡಕದವರಿಗೆ ಅನುಭವದಿಂದ ಗೊತ್ತಿತ್ತು. ಅವರು ಖಾಲಿ ಸೀಟಿನ ಪಕ್ಕ ಕೂತು ಹೊರಟರು. ಬೀದಿಯ ಕೊನೆಯಲ್ಲಿ ಒಂದು ಕೋಳಿ ಅಡ್ಡ ಬಂತು. ಹಾರ್ನ್ ಒತ್ತಿದರು. ಎಂಜಿನ್ ಆರಿತು.

ಮೊದಲು ಕಾಕತಾಳೀಯ ಎಂದುಕೊಂಡರು. ಎರಡನೆಯ ಕೋಳಿಗೂ ಹಾಗೇ ಆಯಿತು. ಎಡಗಡೆಯ ದೀಪ ಹಾಕಿದರೆ ವೈಪರು ನಡುಗುತ್ತಿತ್ತು, ಹೆಡ್‌ಲೈಟ್ ಹಾಕಿದರೆ ಪೆಟ್ರೋಲಿನ ಮುಳ್ಳು ತುಂಬಿದೆ ಎಂದು ಸುಳ್ಳು ಹೇಳುತ್ತಿತ್ತು. ಆದರೆ ಹಾರ್ನ್ ಮಾತ್ರ ಎಂದೂ ತಪ್ಪಲಿಲ್ಲ, ಒತ್ತಿದರೆ ಎಂಜಿನ್ ಆರಲೇಬೇಕು.

ಕಾರನ್ನು ನೋಡಲು ಬಂದವನನ್ನು ಊರೆಲ್ಲ ಸರ್ಜನ್ ಎಂದು ಕರೆಯುತ್ತಿತ್ತು. ಯಾವ ಗಾಡಿಯನ್ನೂ ಅವನು ಪೂರ್ತಿ ಬಿಚ್ಚದೆ ಬಿಡುತ್ತಿರಲಿಲ್ಲ, ಮತ್ತೆ ಹೊಲಿದಾಗ ಏನಾದರೊಂದು ಹೊರಗೆ ಉಳಿದೇ ಉಳಿಯುತ್ತಿತ್ತು. ಅವನು ಗೇಟಿನ ಪಟ್ಟಿ ಬಿಚ್ಚಿ ಒಳಗೆ ಬಂದ, ಮತ್ತೆ ಸುತ್ತಿ ಕಟ್ಟಿದ, ಕಾರಿಗೆ ಕಿವಿಗೊಟ್ಟ. ಹಾರ್ನ್ ಒತ್ತಿ ನೋಡಿದ. ತಲೆದೂಗಿದ.

'ಇಸಿಯು ಹೋಗಿದೆ' ಎಂದ.

ಇಸಿಯು ಎಂದರೆ ದಾರದಲ್ಲಿ ಕಟ್ಟಿದ್ದ ಆ ಪೆಟ್ಟಿಗೆಯೇ. ಊಟದ ಡಬ್ಬಿಯಷ್ಟು ದೊಡ್ಡದು, ತಗಡಿನ ಮೈ, ಒಂದು ಬದಿಗೆ ರಾಶಿ ವೈರು. ಎಂಜಿನ್ನಿಗೆ ಯಾವಾಗ ಎಷ್ಟು ಪೆಟ್ರೋಲು, ಯಾವಾಗ ಕಿಡಿ ಎಂದೆಲ್ಲ ಅದೇ ಅಪ್ಪಣೆ ಕೊಡುವುದು. ಅದು ಹೋದರೆ ಎಂಜಿನ್ನು ಯಜಮಾನನಿಲ್ಲದ ಮನೆ ಎಂದು ಸರ್ಜನ್ ಹೇಳಿದ. ರಿಪೇರಿ ಮಾಡಲು ಬಾರದು, ಬೇರೆ ಹಾಕಬೇಕು. ಕನ್ನಡಕದವರಿಗೆ ಎಲ್ಲಿಲ್ಲದ ಸಮಾಧಾನವಾಯಿತು. ತಾವು ಹಗುರ ಮಾಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದಾಯಿತಲ್ಲ. ಸಂಜೆಗೆ ಬೀದಿಯಲ್ಲಿ ಎಲ್ಲರಿಗೂ ಇಸಿಯು ವಿಷಯ ತಿಳಿಯಿತು, ಅವರೇ ಹೇಳಿದರು. ಸ್ಟೇಷನ್ ಮಾಸ್ಟರು ತಮ್ಮ ಕಾಲದಲ್ಲಿ ಎಂಜಿನ್ನಿಗೆ ಅಪ್ಪಣೆ ಕೊಡುತ್ತಿದ್ದದ್ದು ಹಸಿರು ಬಾವುಟ, ಅದು ಒಮ್ಮೆಯೂ ಕೆಟ್ಟಿರಲಿಲ್ಲ ಎಂದರು.

ಎರಡನೆಯ ಇಸಿಯು, ಇಂಥದೇ ಇನ್ನೊಂದು ಜಖಂ ಆದ ಕಾರಿನಿಂದ ಬಂತು. ಹಾಕಿ ಕೀಲಿ ತಿರುಗಿಸಿದರೆ ಎಂಜಿನ್ ಮಿಸುಕಲಿಲ್ಲ. ಆ ಪೆಟ್ಟಿಗೆ ತನ್ನ ಹಳೆಯ ಕಾರಿನ ಕೀಲಿಯನ್ನೇ ನೆನಸಿಕೊಂಡಿತ್ತು, ಇವರ ಕೀಲಿಯ ಗುರುತು ಅದಕ್ಕೆ ಹತ್ತಲಿಲ್ಲ. ಹೊಸ ಕೀಲಿಯ ಪರಿಚಯ ಮಾಡಿಸಬೇಕು, ಅದಕ್ಕೆ ಲ್ಯಾಪ್‌ಟಾಪ್ ಬೇಕು ಎಂದ ಸರ್ಜನ್. ಲ್ಯಾಪ್‌ಟಾಪ್ ಇದ್ದದ್ದು ಹೆಂಡತಿಯ ತಮ್ಮನ ಹತ್ತಿರ. ಅವನು ಗೇಟಿನ ಪಟ್ಟಿ ಬಿಚ್ಚಿ ಬಂದು ಇಡೀ ಒಂದು ಭಾನುವಾರ ಕಾರಿನಲ್ಲಿ ಕೂತ, ಅಕ್ಕ ಮಾಡಿ ಕಳಿಸಿದ್ದನ್ನೆಲ್ಲ ತಿಂದ. ಪ್ರಯಾಣಿಕರ ಸೀಟಿನಲ್ಲಿ ಅವನು ತಟ್ಟೆ ಇಟ್ಟುಕೊಂಡು ಕೂತದ್ದನ್ನು ಕನ್ನಡಕದವರು ಕಿಟಕಿಯಿಂದ ನೋಡುತ್ತಿದ್ದರು. ಅಲ್ಲಿ ಕೂರಬೇಕಾದವಳು ಒಳಗೆ ಅವನಿಗೆ ಇನ್ನೊಂದು ತಟ್ಟೆ ಬಡಿಸುತ್ತಿದ್ದಳು. ಸಂಜೆಗೆ ಎಂಜಿನ್ ಹತ್ತಿತು. ಎಲ್ಲರೂ ಮುಖ ಮುಖ ನೋಡಿಕೊಂಡರು. ಯಾರೂ ಹಾರ್ನಿಗೆ ಕೈ ಹಾಕಲಿಲ್ಲ. ಕೊನೆಗೆ ಕನ್ನಡಕದವರೇ ಕಣ್ಣು ಮುಚ್ಚಿ ಒತ್ತಿದರು. ಆರಿತು.

ಹೆಂಡತಿಯ ತಮ್ಮ ಬಾಯಿ ಒರೆಸಿಕೊಂಡು, 'ಇದರಲ್ಲೂ ಅದೇ ರೋಗ ಅಂದ್ಮೇಲೆ ಇದೂ ಕೆಟ್ಟಿದೆ ಭಾವ' ಎಂದ. ಸರ್ಜನ್ ಹೌದೆಂದ. ಇಬ್ಬರು ತಿಳಿದವರು ಒಂದೇ ಮಾತು ಹೇಳಿದ ಮೇಲೆ ಕನ್ನಡಕದವರು ಅನುಮಾನ ಪಡುವುದು ಚೆನ್ನಾಗಿರುತ್ತಿರಲಿಲ್ಲ.

ಇಷ್ಟರಲ್ಲಿ ಸರ್ಕಾರದ ವಾಹನ ಪರೀಕ್ಷೆಯ ದಿನ ಬಂತು. ಹಳೆಯ ಗಾಡಿಗಳೆಲ್ಲ ಗುಡ್ಡದ ಆಚೆ ತಪ್ಪಲಿನಲ್ಲಿದ್ದ ಅಂಗಳಕ್ಕೆ ಹೋಗಿ ತೋರಿಸಿಕೊಳ್ಳಬೇಕು. ಕನ್ನಡಕದವರು ಒಬ್ಬರೇ ಹೊರಟರು. ನೆತ್ತಿಯ ತಿರುವಿನಲ್ಲಿ ಹಾರ್ನ್ ಮಾಡಿ ಎಂದು ಬೋರ್ಡಿದೆ. ಅವರು ಹಾರ್ನಿನ ಬದಲು ಬಾಯಿಂದಲೇ 'ಹೋಯ್' ಎಂದು ಕೂಗಿ ದಾಟಿದರು, ಕಾರಿಗೆ ಸೂರಿಲ್ಲದ್ದು ಅನುಕೂಲವಾಯಿತು. ಕೆರೆ ಇದ್ದ ಕಡೆಯೇ ಇತ್ತು. ಅದನ್ನು ನೋಡಲು ಅವರಿಗೆ ಮನಸ್ಸಾಗಲಿಲ್ಲ.

ಅಂಗಳದ ಇನ್‌ಸ್ಪೆಕ್ಟರು ಕೆಲಸದಲ್ಲಿ ಕಟ್ಟುನಿಟ್ಟು, ಮುಖದಲ್ಲಿ ಸದಾ ಬೇಸರ. ಬ್ರೇಕು ನೋಡಿದರು, ದೀಪ ನೋಡಿದರು, ಹಾರ್ನ್ ಒತ್ತಿದರು. ಎಂಜಿನ್ ಆರಿತು. ಮತ್ತೆ ಹಚ್ಚಿ ಒತ್ತಿದರು, ಮತ್ತೆ ಆರಿತು. ಅವರ ಮುಖದ ಬೇಸರ ಸ್ವಲ್ಪ ಸರಿಯಿತು. ಒಳಗೆ ಹೋಗಿ ಸಹೋದ್ಯೋಗಿಗಳನ್ನು ಕರೆತಂದರು. ಒಬ್ಬೊಬ್ಬರೂ ಒತ್ತಿ ನೋಡಿದರು. ಬಸ್ಸಿನ ಪರೀಕ್ಷೆಗೆ ಬಂದಿದ್ದ ಡ್ರೈವರುಗಳೂ ಸಾಲು ನಿಂತು ಒತ್ತಿದರು. ಆ ಬೆಳಿಗ್ಗೆ ಅಂಗಳದಲ್ಲಿ ಬೇರೆ ಯಾವ ಗಾಡಿಯ ಪರೀಕ್ಷೆಯೂ ನಡೆಯಲಿಲ್ಲ.

'ಹಾರ್ನ್ ಸರಿಯಾಗಿದೆ, ಎಂಜಿನ್ನೂ ಸರಿಯಾಗಿದೆ' ಎಂದರು ಇನ್‌ಸ್ಪೆಕ್ಟರು. 'ಒಟ್ಟಿಗೆ ಬಾಳ್ತಾ ಇಲ್ಲ, ಅಷ್ಟೆ.'

ಆಮೇಲೆ ಕಾರನ್ನು ತೂಕದ ಕಟ್ಟೆಯ ಮೇಲೆ ಹತ್ತಿಸಿದರು. ದಾಖಲೆಯಲ್ಲಿದ್ದದ್ದಕ್ಕಿಂತ ಕಡಿಮೆ ಬಂತು. ಈಗ ಇನ್‌ಸ್ಪೆಕ್ಟರು ನಿಜವಾಗಿ ಗಂಭೀರರಾದರು. ಭಾರ ಹೆಚ್ಚಾದ ಗಾಡಿಗಳನ್ನು ಅವರು ನೋಡಿದ್ದರು, ಕಡಿಮೆಯಾದದ್ದನ್ನು ನೋಡಿರಲಿಲ್ಲ. ಉಳಿದ ತೂಕ ಎಲ್ಲಿ ಹೋಯಿತು ಎಂದು ಕಳುವಿನ ಮಾಲು ಕೇಳುವವರ ಹಾಗೆ ಕೇಳಿದರು. ಕನ್ನಡಕದವರು ಭಾರವೇ ಶತ್ರು ಎಂದು ಆರಂಭಿಸಿ, ಅವರ ಮುಖ ನೋಡಿ ನಿಲ್ಲಿಸಿದರು. ತೆಗೆದದ್ದನ್ನೆಲ್ಲ ಮರಳಿ ಹಾಕಬೇಕು, ಹಾರ್ನೂ ಎಂಜಿನ್ನೂ ರಾಜಿಯಾಗಬೇಕು, ಇನ್ನೊಂದು ಸಲ ತಪ್ಪಿದರೆ ನಂಬರು ರದ್ದು, ಕಾರನ್ನು ತುಂಡು ಮಾಡಿ ಗುಜರಿಗೆ ಹಾಕುವುದೇ ಎಂದು ಆಜ್ಞೆಯಾಯಿತು.

ಮನೆಗೆ ಬಂದ ಕನ್ನಡಕದವರು ಗೇಟಿನ ಪಟ್ಟಿ ಬಿಚ್ಚಿ, ಕಾರು ಒಳಗೆ ತಂದು, ಪಟ್ಟಿಯನ್ನು ಮತ್ತೆ ಗಂಟು ಹಾಕಿ, ಮೆಟ್ಟಿಲ ಮೇಲೆ ಕುಸಿದು ಕೂತರು. ಗುಜರಿಯವರು ತುಂಡು ಮಾಡುವಾಗ ಮೊದಲು ಸೀಟು ಕೀಳುತ್ತಾರೆಂದು ಅವರು ಎಲ್ಲೋ ಕೇಳಿದ್ದರು. ಆ ಎಡಗಡೆಯ ಸೀಟು ಕಣ್ಣಿಗೆ ಕಟ್ಟಿತು. ಮತ್ತೆ ಒಮ್ಮೆ ಆಕೆ ಅಲ್ಲಿ ಕೂರುವ ಮೊದಲೇ ಅದು ಹೋಗುತ್ತದೆ, ಆ ದನಿ ಹೇಗಿತ್ತೆಂದು ತಿಳಿಯದೆಯೇ ತಾವೂ ಒಂದು ದಿನ ಹೋಗುತ್ತೇವೆ ಎಂದು ಅವರಿಗೆ ಅನ್ನಿಸಿತು.

ಮಾರನೆಯ ದಿನದಿಂದ ವಸೂಲಿ ನಡೆಯಿತು. ಮ್ಯಾಟು ಸುಲಭವಾಗಿ ಬಂತು. ಸ್ಟೆಪ್ನಿಯಿಂದ ನಾಯಿ ಏಳಲಿಲ್ಲ. ಸ್ಟೇಷನ್ ಮಾಸ್ಟರು ನಾಯಿಯ ಪರ ವಾದಿಸಿದರು: ಕೊಟ್ಟದ್ದನ್ನು ಕಿತ್ತುಕೊಂಡರೆ ಪ್ರಾಣಿಗೆ ಮನುಷ್ಯರ ಮೇಲಿನ ನಂಬಿಕೆ ಹೋಗುತ್ತದೆ. ಕೊನೆಗೆ ಅಂಗಡಿಯ ಎತ್ತರದ ಕುರ್ಚಿಯ ಮೆತ್ತೆ ತಂದುಕೊಟ್ಟ ಮೇಲೆ ನಾಯಿ ಒಪ್ಪಿತು. ಆಮೇಲೆ ಕಣ್ಣು ತೋರಿಸಲು ಬಂದವರು ಬರೀ ಹಲಗೆಯ ಮೇಲೆ ಕೂತು ಅಕ್ಷರ ಓದಿದರು. ಜಾಕ್ ತೆಗೆದ ಕೂಡಲೇ ಹೆಂಡತಿಯ ತಮ್ಮನ ಬೀರು ವಾಲಿತು, ಅವನ ಹೆಂಡತಿ ಕನ್ನಡಕದವರ ಬಗ್ಗೆ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ರೇಡಿಯೋ ಬಂತು, ಬೂದಿಬಟ್ಟಲು ಬಂತು. ಪೆಟ್ಟಿಗೆ ಹಿಡಿದುಕೊಳ್ಳುತ್ತಿದ್ದ ಚೌಕಟ್ಟನ್ನು ಯಾರೋ ಹಳೇ ತಗಡಿನವನಿಗೆ ಹಾಕಿಬಿಟ್ಟಿದ್ದರು. ಪಟ್ಟಿಯ ನೆನಪು ಕನ್ನಡಕದವರಿಗೆ ಬಂದೇ ಬಂತು, ಆದರೆ ಅದಕ್ಕೆ ತೂಕವೇ ಇಲ್ಲವಲ್ಲ ಎಂದು ಬಿಟ್ಟರು. ಆ ಲೆಕ್ಕ ಹಾಕುವಾಗ ಅವರು ಗೇಟಿಗೆ ಒರಗಿ ನಿಂತಿದ್ದರು.

ಮೂರನೆಯ ಇಸಿಯು ಸರ್ಜನ್‌ಗೆ ಸಿಕ್ಕಿದ್ದು ರೇಸಿನ ಕಾರಿನಿಂದ. ಅದಕ್ಕೆ ಮನೆಯ ಬೀದಿಯಲ್ಲಿ ಓಡಿ ಗೊತ್ತಿರಲಿಲ್ಲ. ಎಂಜಿನ್ ಹಚ್ಚಿದರೆ ನಿಂತಲ್ಲೇ ಘರ್ಜಿಸುತ್ತಿತ್ತು, ಸ್ಟೇಷನ್ ಮಾಸ್ಟರ ಮನೆಯ ಪಾತ್ರೆಗಳು ಕಪಾಟಿನಲ್ಲಿ ನಡೆದಾಡಿದವು. ಬಹಳ ನಾಜೂಕಿನದು, ಅಲುಗಾಡಬಾರದು, ಬಿಸಿಯಾಗಬಾರದು, ಚೌಕಟ್ಟಿಲ್ಲದ್ದರಿಂದ ಪರೀಕ್ಷೆಯವರೆಗೆ ಯಾರಾದರೂ ಪಕ್ಕದಲ್ಲಿ ಕೂತು ತೊಡೆಯ ಮೇಲೆ ಹಿಡಿದುಕೊಳ್ಳಬೇಕು ಎಂದು ಸರ್ಜನ್ ಹೇಳಿದ. ತಾನೇ ಬರಬಹುದಿತ್ತು, ಆದರೆ ಇನ್‌ಸ್ಪೆಕ್ಟರಿಗೂ ಅವನಿಗೂ ಮುಖಕ್ಕೆ ಮುಖ ಆಗುತ್ತಿರಲಿಲ್ಲ. ಸ್ಟೇಷನ್ ಮಾಸ್ಟರ ಮಂಡಿ ಅಷ್ಟು ಕೆಳಗೆ ಮಡಚಲಿಲ್ಲ. ಹೆಂಡತಿಯ ತಮ್ಮ ಬೀರು ಹಿಡಿದುಕೊಂಡು ನಿಂತಿದ್ದ.

ಪರೀಕ್ಷೆಯ ಬೆಳಿಗ್ಗೆ ಕನ್ನಡಕದವರು ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಖಾಲಿ ಸೀಟಿನ ಮೇಲಿಟ್ಟು ಸುಮ್ಮನೆ ನಿಂತಿದ್ದರು. ಹೆಂಡತಿ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಗಂಡನ ಮುಖ ನೋಡಿದಳು. ಬಾಗಿಲು ತೆರೆದು, ಪೆಟ್ಟಿಗೆ ಎತ್ತಿಕೊಂಡು ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡಳು.

'ಭಾರ ಆಗಲ್ವಾ ನಾನು?' ಎಂದಳು.

ಇಷ್ಟು ವರ್ಷ ಕಾದ ಸೀಟಿಗೆ ಆಕೆ ಬಂದದ್ದು ಹೊಸ ಸೀರೆ ಉಟ್ಟಲ್ಲ, ಕಿತ್ತಳೆ ತಂದಲ್ಲ, ತಗಡಿನ ಚೌಕಟ್ಟಿನ ಬದಲಿಗೆ. ಆದರೂ ಬಂದಳು. ಕನ್ನಡಕದವರು ಗೇಟು ಬಿಚ್ಚಿ ಕಾರು ಹೊರಗೆ ತಂದರು. ಪಟ್ಟಿಯನ್ನು ಮತ್ತೆ ಸುತ್ತಿ ಗಂಟು ಹಾಕಿದರು.

ಗುಡ್ಡದ ದಾರಿ ಹತ್ತಿದರು. ಮಾತಾಡಿದರೂ ಆ ರೇಸಿನ ಘರ್ಜನೆಯಲ್ಲಿ ಕೇಳುತ್ತಿರಲಿಲ್ಲ. ಆಕೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನೆಟ್ಟಗೆ ಕೂತಿದ್ದಳು. ಕನ್ನಡಕದವರು ಆಗಾಗ ಎಡಕ್ಕೆ ಕಳ್ಳನೋಟ ಬೀರುತ್ತಿದ್ದರು. ಕೂದಲು ಬಿಳಿಯಾಗಿತ್ತು, ಹಾರುವುದು ಮಾತ್ರ ಹಾಗೆಯೇ ಹಾರುತ್ತಿತ್ತು. ನೆತ್ತಿಯ ತಿರುವು ಬಂತು. ಹಾರ್ನ್ ಮಾಡಿ ಎಂಬ ಬೋರ್ಡು ಬಂತು. ಹೋದ ಸಲದ ಹಾಗೆ ಬಾಯಿಂದ 'ಹೋಯ್' ಎನ್ನಬಹುದಿತ್ತು. ಆದರೆ ಪಕ್ಕದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಸ್ಪೋರ್ಟ್ಸ್ ಕಾರು ಓಡಿಸುವ ಗಂಡಸು ಕುರಿ ಕಾಯುವವನ ಹಾಗೆ ಕೂಗಲು ಸಾಧ್ಯವೇ? ಮೂರನೆಯ ಇಸಿಯುವನ್ನು ನಂಬಿ ಅವರು ಹಾರ್ನ್ ಒತ್ತಿದರು.

ಎಂಜಿನ್ ಆರಿತು.

ಆಚೆಯದ್ದು ಇಳಿಜಾರು. ಕಾರು ನಿಲ್ಲಲಿಲ್ಲ, ಸದ್ದಿಲ್ಲದೆ ಇಳಿಯತೊಡಗಿತು. ಟೈರು ರಸ್ತೆಗೆ ತಾಗುವ ಸಣ್ಣ ಸರಸರ ಮಾತ್ರ. ಕೆಳಗೆ ಕೆರೆ ಬಿಸಿಲಿಗೆ ಹರಡಿಕೊಂಡಿತ್ತು. ಕನ್ನಡಕದವರು ಸ್ಟೀರಿಂಗ್ ಹಿಡಿದೇ ಇದ್ದರು, ಧೈರ್ಯ ಮಾತ್ರ ಕೈಬಿಟ್ಟಿತು.

'ಮುಗೀತು ಕಣೇ' ಎಂದರು. 'ನಿನ್ನನ್ನ ಇಲ್ಲಿಗೆ ಕರ್ಕೊಂಡು ಬರಬೇಕು ಅಂತ ತಂದೆ ಇದನ್ನ. ಇನ್ನೇನಕ್ಕೂ ಅಲ್ಲ. ಆವತ್ತು ಈ ತಿರುವಲ್ಲಿ ನೀನು ನಕ್ಕಿದ್ದೆ, ನನಗೆ ಕೇಳ್ಸಿರಲಿಲ್ಲ. ಅದಕ್ಕೇ.'

ಆಕೆ ಅವರ ಕಡೆ ತಿರುಗಿದಳು. ಅವರು ಒಂದೇ ಸಮನೆ ಹೇಳಿಕೊಂಡು ಹೋದರು: ಮೂರು ಪೆಟ್ಟಿಗೆ ಬದಲಿಸಿದ್ದು, ತೆಗೆದದ್ದೆಲ್ಲ ಮತ್ತೆ ಹಾಕಿದ್ದು, ಮ್ಯಾಟು, ಚಕ್ರ, ಜಾಕು, ರೇಡಿಯೋ, ಬೂದಿಬಟ್ಟಲು. ಇನ್ನು ಉಳಿದದ್ದು ಆ ಚೌಕಟ್ಟು, ಮತ್ತೆ ಒಂದು ತಾಮ್ರದ ಪಟ್ಟಿ. ಅದೂ ಎರಡಿತ್ತು, ಒಂದು ಸಾಕೆಂದು ತೆಗೆದಿದ್ದರು, ಎಲ್ಲಿ ಹೋಯಿತೋ.

'ಯಾವ ಪಟ್ಟಿ?' ಎಂದಳು ಆಕೆ. 'ಚಪ್ಪಟೆಯಾಗಿ, ಜಡೆ ಹಾಗೆ ಹೆಣೆದಿದ್ದಾ?'

'ಹೂಂ.'

'ಎರಡು ತುದೀಲೂ ತೂತು?'

'ಹೂಂ. ಯಾಕೆ?'

'ಗೇಟಿಗೆ ಕಟ್ಟಿದೀನಲ್ರೀ. ಈಗ ನೀವೇ ಬಿಚ್ಚಿ ಕಟ್ಟಿ ಬಂದ್ರಲ್ಲ.'

ಕನ್ನಡಕದವರು ಆಕೆಯನ್ನು ನೋಡಿದರು. ತಮ್ಮ ಎರಡು ಕೈಗಳನ್ನು ನೋಡಿಕೊಂಡರು. ದಿನಾ ಬೆಳಿಗ್ಗೆ ಬಿಚ್ಚಿದ, ದಿನಾ ಸಂಜೆ ಗಂಟು ಹಾಕಿದ ಕೈಗಳು. ಆ ಮುಖ ಆಗ ಹೇಗಿತ್ತೆಂದು ಹೇಳಲು ಅಲ್ಲಿ ಬೇರೆ ಯಾರೂ ಇರಲಿಲ್ಲ. ಆಕೆ ನೋಡಿದಳು. ತುಟಿ ಕಚ್ಚಿಕೊಂಡಳು. ಬಾಯಿಗೆ ಅಡ್ಡ ಹಿಡಿಯೋಣವೆಂದರೆ ಎರಡು ಕೈಯಲ್ಲೂ ಪೆಟ್ಟಿಗೆಯಿತ್ತು. ತಲೆ ಹಿಂದಕ್ಕೆ ಚೆಲ್ಲಿ ಬಾಯಿ ತುಂಬ ನಕ್ಕಳು.

ಅದು ದಪ್ಪ ದನಿಯ ನಗು. ನಡುವೆ ಉಸಿರು ಸಿಕ್ಕಿಕೊಂಡು ಒಂದು ಸಣ್ಣ ಗೊರಕೆಯಂಥ ಸದ್ದಾಗಿ ಮತ್ತೆ ಮುಂದುವರಿಯುತ್ತಿತ್ತು. ಕನ್ನಡಕದವರು ಅಂಗಡಿಯಲ್ಲಿ ಗಾಜು ಒರೆಸುತ್ತ ಊಹಿಸಿಕೊಂಡ ಯಾವ ದನಿಯೂ ಅದಲ್ಲ. ಅವರು ಬ್ರೇಕು ಒತ್ತಲಿಲ್ಲ. ಎಂಜಿನ್ ಹಚ್ಚಲೂ ನೋಡಲಿಲ್ಲ. ಇಳಿಜಾರು ಮುಗಿಯದಿರಲಿ ಎಂದು ಕೇಳಿಸಿಕೊಳ್ಳುತ್ತ ಕೂತರು. ಕನ್ನಡಕ ಮಂಜಾಯಿತು, ಒರೆಸಿಕೊಳ್ಳಲಿಲ್ಲ.

ಕಾರು ಹಾಗೆಯೇ ಉರುಳಿಕೊಂಡು ಹೋಗಿ ಪರೀಕ್ಷೆಯ ಅಂಗಳದಲ್ಲಿ ನಿಂತಿತು. ಇನ್‌ಸ್ಪೆಕ್ಟರು ಬಂದು ನೋಡಿದರು. ಒಳಗೊಬ್ಬ ಹೆಂಗಸು ಪೆಟ್ಟಿಗೆ ತಬ್ಬಿಕೊಂಡು ನಗುತ್ತಿದ್ದಾಳೆ, ಪಕ್ಕದ ಗಂಡಸು ಅಳುತ್ತಿದ್ದಾನೆ, ಎಂಜಿನ್ ಆರಿದೆ. ಶಬ್ದದ ಪರೀಕ್ಷೆಯಲ್ಲಿ ಇಷ್ಟು ಚೆನ್ನಾಗಿ ಯಾವ ಗಾಡಿಯೂ ಪಾಸಾಗಿಲ್ಲ ಎಂದು ಅವರು ಒಪ್ಪಿಕೊಂಡರು. ಹೆಂಡತಿ ಸ್ಟೇಷನ್ ಮಾಸ್ಟರಿಗೆ ಫೋನ್ ಮಾಡಿ ಗೇಟಿನ ಪಟ್ಟಿ ತನ್ನಿ ಎಂದಳು. ಅವರು ಹೇಳಿದ ಹೊತ್ತಿಗೆ ಸರಿಯಾಗಿ, ನಾಯಿಯ ಸಮೇತ, ಟ್ಯಾಕ್ಸಿಯಲ್ಲಿ ಬಂದರು. ಪಟ್ಟಿ ಸೇರಬೇಕಾದ ಕಡೆ ಸೇರಿತು. ಇನ್‌ಸ್ಪೆಕ್ಟರು ಹಾರ್ನ್ ಒತ್ತಿದರು. ಎಂಜಿನ್ ಓಡುತ್ತಲೇ ಇತ್ತು. ಅವರು ಇನ್ನೂ ಹಲವು ಸಲ ಒತ್ತಿ, ಕೊನೆಗೆ ತುಸು ನಿರಾಸೆಯಿಂದಲೇ ಪಾಸು ಮಾಡಿದರು.

ಮೊದಲಿನ ಇಸಿಯು ಏನೂ ಆಗದೆ ಚೆನ್ನಾಗಿಯೇ ಇತ್ತು, ಈಗ ಅದೇ ಕಾರಿನಲ್ಲಿದೆ. ಉಳಿದೆರಡು ಬೀರುವಿನಲ್ಲಿವೆ. ಪತ್ರಿಕೆ ತರಿಸುವುದು ನಿಂತಿದೆ. ಗೇಟಿಗೆ ಚಿಲಕ ಬಂದಿದೆ. ಭಾನುವಾರ ಹೆಂಡತಿ ಚೀಲದ ಜೊತೆ ಬೇಕೆಂದೇ ಇನ್ನೊಂದು ಚೀಲ ತರುತ್ತಾಳೆ, ಕನ್ನಡಕದವರು ಎರಡನ್ನೂ ಎತ್ತಿಡುತ್ತಾರೆ. ಗುಡ್ಡ ಹತ್ತಿ ಆ ತಿರುವು ದಾಟುತ್ತಲೇ ಕೀಲಿ ತಿರುಗಿಸಿ ಎಂಜಿನ್ ಆರಿಸುತ್ತಾರೆ.

'ಯಾಕ್ರೀ ಆರಿತು?' ಎನ್ನುತ್ತಾಳೆ ಆಕೆ.

'ಹಾರ್ನ್ ಹೊಡೆದೆ' ಎನ್ನುತ್ತಾರೆ.

ಆಕೆಗೆ ಯಾವ ಹಾರ್ನೂ ಕೇಳಿಸಿರುವುದಿಲ್ಲ, ಹಾಗೆಂದು ಹೇಳುವುದೂ ಇಲ್ಲ. ಕೆಲವು ವಾರ ನಗುತ್ತಾಳೆ. ಕೆಲವು ವಾರ ಕೆರೆ ನೋಡುತ್ತ ಕಿತ್ತಳೆ ಸುಲಿಯುತ್ತಾಳೆ, ಅಷ್ಟೆ. ಕಾರು ಸದ್ದಿಲ್ಲದೆ ಇಳಿಯುತ್ತಿರುತ್ತದೆ, ಕನ್ನಡಕದವರು ಎಡಗಿವಿಯನ್ನು ಅತ್ತ ಕೊಟ್ಟು ಕಾಯುತ್ತಿರುತ್ತಾರೆ.